ಒರಟು ಅಂಚು

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರೂ ಬೈಂಡಮ್ಮ ಹೊರಗೆ ನೋಡಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನೇ ನೋಡುತ್ತ ಕೂತಿದ್ದಳು. ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದೇ ಕಾದಂಬರಿ, ಒಂದೇ ಅಳತೆ, ಒಂದೇ ನೀಲಿ ಬಟ್ಟೆಯ ಗಟ್ಟಿ ರಟ್ಟು. ಒಂದಕ್ಕೆ ಅಂಗಿ ಇತ್ತು. ಇನ್ನೊಂದು ಬರಿಮೈಯಲ್ಲಿ ಹಳೆಯ ಪತ್ರಿಕೆ ಸುತ್ತಿಕೊಂಡು ತಳದಲ್ಲಿ ಮಲಗಿತ್ತು. ರಟ್ಟಿನ ಮೇಲೆ ಬರುವ ಚಿತ್ರದ ಹೊದಿಕೆಗೆ ಪುಸ್ತಕದ ಒಡತಿ ಹಲ್ಲಿನ ಡಾಕ್ಟರಮ್ಮ ಜಾಕೆಟ್ ಎನ್ನುತ್ತಿದ್ದರು, ಪುಸ್ತಕ ಹೊಲಿಯುವ ಬೈಂಡಮ್ಮನ ಬಾಯಲ್ಲಿ ಅದು ಮೊದಲಿನಿಂದಲೂ ಅಂಗಿಯೇ. ಇವತ್ತು ಬೆಳಿಗ್ಗೆ ಆ ಅಂಗಿಯನ್ನು ಅವಳೇ ಒಂದರ ಮೈಯಿಂದ ಬಿಚ್ಚಿ ಇನ್ನೊಂದಕ್ಕೆ ತೊಡಿಸಿದ್ದಳು. ಮನೆಯ ಮಗುವಿನ ಬಟ್ಟೆ ಕಳಚಿ, ಪಕ್ಕದ ಮನೆಯ ಮಗುವಿಗೆ ಹಾಕಿ, ಹೆತ್ತವಳ ಮುಂದೆ ಇದೇ ನಿನ್ನದು ಎಂದು ನಿಲ್ಲಿಸಲು ಹೊರಟ ಹಾಗಿತ್ತು. ಹಾಗಾದರೆ ಆ ನಿಜವಾದ ಮಗುವನ್ನು ಯಾಕೆ ಚೀಲದ ತಳದಲ್ಲಿಟ್ಟು ತಂದಳು? ಅಂಗಡಿಯಲ್ಲಿ ಬಿಟ್ಟು ಬರಲು ಕೈ ಬರಲಿಲ್ಲ, ಅಷ್ಟೇ. ಬಸ್ಸು ಒಂದು ಗುಂಡಿಗೆ ಇಳಿದು ಎದ್ದಾಗ ಅವಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಪಕ್ಕದಲ್ಲಿ ಕೂತಿದ್ದವನು ಅದನ್ನು ನೋಡಿ, "ಏನಮ್ಮಾ, ಒಳಗೆ ಮೊಟ್ಟೆ ಇದೆಯಾ?" ಎಂದ.

"ಇಲ್ಲಪ್ಪ, ಪುಸ್ತಕ."

"ಪುಸ್ತಕಕ್ಕೆ ಇಷ್ಟು ಹೆದರ್ತೀರಲ್ಲ! ಬಿದ್ದರೆ ಎತ್ಕೊಂಡ್ರಾಯ್ತು."

ಬಿದ್ದರೆ ಎತ್ತಿಕೊಳ್ಳಬಹುದು, ನಿಜ. ಇದು ಶುರುವಾದದ್ದೇ ಬಿದ್ದದ್ದರಿಂದ. ಡಾಕ್ಟರಮ್ಮನ ಕೈಯಿಂದ ಏನಾದರೂ ಜಾರಿ ಬಿದ್ದದ್ದನ್ನು ಬೈಂಡಮ್ಮ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಬೆರಳ ತುದಿಯಷ್ಟು ಕನ್ನಡಿ ಹಿಡಿದು ಜನರ ಬಾಯೊಳಗೆ ಕೆಲಸ ಮಾಡಿದ ಕೈ ಅದು. ಹಲ್ಲು ಕಿತ್ತದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು ಎಂದು ರೋಗಿಗಳು ಹೇಳುತ್ತಿದ್ದರು. ಆದರೆ ಈಗ ಅವರ ಕಣ್ಣುಗಳ ನಟ್ಟನಡುವೆ ಯಾರೋ ಮಸಿಯ ಬೆರಳು ಒತ್ತಿದಂತಾಗಿತ್ತು. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದದ್ದು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖವಿರಬೇಕಾದಲ್ಲಿ ಹೊಗೆ. ಅದಕ್ಕೇ ಅವರು ಮಾತಾಡುವಾಗ ಮುಖ ಒಂದು ಕಡೆ ತಿರುಗಿಸಿ ಕಣ್ಣಿನ ಅಂಚಿನಿಂದ ನೋಡುತ್ತಾರೆ, ಹೊಸಬರು ಜಂಬ ಎಂದುಕೊಳ್ಳುತ್ತಾರೆ. ಆ ದಿನ ಅವರು ಕಪಾಟಿನಿಂದ ಈ ಪುಸ್ತಕವನ್ನು ತೆಗೆದು ಮತ್ತೆ ಇಡುವಾಗ ಕಪಾಟಿನ ಹಲಗೆ ಇದೆ ಎಂದುಕೊಂಡ ಜಾಗದಲ್ಲಿ ಹಲಗೆ ಇರಲಿಲ್ಲ. ಪುಸ್ತಕ ಬೆನ್ನು ಕೆಳಗಾಗಿ ಬಿತ್ತು. ನಡುವಿನ ಒಂದು ಫಾರಮ್ಮು, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಒಂದು ಕಂತೆ ಹಾಳೆ, ದಾರ ಕಡಿದು ಹೊರಗೆ ನೇತಾಡಿತು. ಡಾಕ್ಟರಮ್ಮ ನೆಲದ ಮೇಲೆ ಮಂಡಿಯೂರಿ ಅದನ್ನು ಬೆರಳಲ್ಲಿ ತಡವಿ, ತಮ್ಮ ಎಂದಿನ ದನಿಯಲ್ಲಿ, "ಹಲ್ಲು ಅಲ್ಲಾಡ್ತಿದೆ ಕಣೆ ಇದರದ್ದು. ಕೀಳಬೇಡ, ಭದ್ರ ಮಾಡು" ಎಂದಿದ್ದರು. ಆಮೇಲೆ ಇನ್ನೊಂದು ಮಾತು ಸೇರಿಸಿದ್ದರು: "ಹೊಲಿಗೆ ಮಾತ್ರ. ಬೇರೆ ಏನೂ ಮಾಡೋಕೆ ಹೋಗಬೇಡ."

ಆ ಕೊನೆಯ ಮಾತನ್ನು ಬೈಂಡಮ್ಮ ದಾಕ್ಷಿಣ್ಯ ಎಂದು ತಿಳಿದಳು. ಮನೆಗೆ ಬಂದವರು ಏನೂ ಮಾಡೋಕೆ ಹೋಗಬೇಡಿ ಎನ್ನುವುದಿಲ್ಲವೇ? ಹಾಗೆಂದರೆ ಮಾಡಬೇಡಿ ಎಂದು ಅರ್ಥವೇ? ಹಾಗಂದವರ ಮುಂದೆ ನಾಲ್ಕು ಥರ ಇಡುವುದೇ ಮರ್ಯಾದೆ. ತನಗೆ ತೊಂದರೆಯಾಗಬಾರದೆಂದು ಡಾಕ್ಟರಮ್ಮ ಹಾಗೆ ಹೇಳಿದ್ದಾರೆ, ತಾನಾಗಿ ತಿಳಿದು ಮಾಡಬೇಕು ಎಂದುಕೊಂಡಳು. ಅದು ತನ್ನ ತಪ್ಪು ತಿಳಿವಳಿಕೆ ಎಂದು ಅವಳಿಗೆ ಈಗ ಬಸ್ಸಿನಲ್ಲಿ ಕೂತಾಗ ಎಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತೆಂದರೆ, ತನ್ನ ತಲೆಯ ಮೇಲೆ ತಾನೇ ಒಂದು ಕುಟ್ಟಿಕೊಳ್ಳಬೇಕೆನಿಸಿತು. ಪಕ್ಕದವನು ನೋಡುತ್ತಾನೆಂದು ಸುಮ್ಮನಾದಳು.

ಆ ಪುಸ್ತಕದ ಅಂಚು ಅವಳಿಗೆ ಮೊದಲಿನಿಂದಲೂ ಒಂದು ಸಂಕಟ. ಡಾಕ್ಟರಮ್ಮನ ಕಪಾಟಿನಲ್ಲಿದ್ದ ಅಮೆರಿಕದ ಕಾದಂಬರಿಗಳಲ್ಲಿ ಹಲವು ಹಾಗೇ ಇದ್ದವು. ಕಾಗದ ಒಳ್ಳೆಯದು, ದಾರ ಒಳ್ಳೆಯದು, ಬೆನ್ನಿನ ಮೇಲಿನ ಚಿನ್ನದ ಅಕ್ಷರ ಉಗುರು ತಾಗಿದರೂ ಹೋಗುವಂಥದ್ದಲ್ಲ. ಎಲ್ಲ ಮಾಡಿ, ಕಡೆಗೆ ಬೆರಳಿಟ್ಟು ಪುಟ ತಿರುಗಿಸುವ ಕಡೆ ಮಾತ್ರ ಕತ್ತರಿಸದೆ ಬಿಟ್ಟಿದ್ದರು. ಒಂದು ಹಾಳೆ ಒಳಗೆ, ಒಂದು ಹೊರಗೆ, ಇಲಿ ಕಡಿದ ಹಾಗೆ ಗುಜುಗುಜು. ಪಾಪ, ಆ ದಿನ ಯಂತ್ರ ಕೆಟ್ಟಿತ್ತೋ, ಕತ್ತರಿಸುವವನ ಮನೆಯಲ್ಲಿ ಏನಾದರೂ ಆಗಿತ್ತೋ, ಅವಸರದಲ್ಲಿ ಹಾಗೇ ಕಳಿಸಿಬಿಟ್ಟಿದ್ದಾರೆ ಎಂದು ಅವಳು ಅಂದುಕೊಂಡಿದ್ದಳು. ಅಷ್ಟು ದೂರದ ದೇಶದಲ್ಲೂ ಒಂದು ಬೈಂಡಿಂಗ್ ಅಂಗಡಿ ಇರುತ್ತದೆ, ಅಲ್ಲೂ ಒಬ್ಬ ಗಂಡಸು ಬೈಸಿಕೊಂಡಿರುತ್ತಾನೆ ಎಂದು ಯೋಚಿಸಿ ಅವಳಿಗೆ ಆ ಪುಸ್ತಕಗಳ ಮೇಲೆ ಒಂದು ಬಗೆಯ ಬಂಧುತ್ವವೂ ಬಂದಿತ್ತು. ಡಾಕ್ಟರಮ್ಮನನ್ನು ಕೇಳಿರಲಿಲ್ಲ. ಹೇಗೆ ಕೇಳುವುದು? ಇಷ್ಟು ಪ್ರೀತಿಯಿಂದ ತರಿಸಿ ಇಟ್ಟುಕೊಂಡಿದ್ದಾರೆ. ತಾಯಿಯ ಎದುರಿಗೆ ಮಗುವಿನ ಮೆಳ್ಳೆಗಣ್ಣಿನ ಸುದ್ದಿ ಎತ್ತಿದ ಹಾಗಾಗುತ್ತದೆ.

ಹೊಲಿಗೆ ಮುಗಿದಾಗ ಮಧ್ಯಾಹ್ನದ ಬಿಸಿಲು ಅಂಗಡಿಯ ಬಾಗಿಲಿಂದ ಕತ್ತರಿಸುವ ಯಂತ್ರದ ಚಕ್ರದವರೆಗೆ ಬಂದಿತ್ತು. ಗಂಡ ಇದ್ದಷ್ಟು ಕಾಲ ಆ ಚಕ್ರವನ್ನು ಅವಳು ಮುಟ್ಟಿದವಳಲ್ಲ. ಮಡಿಸುವುದು, ಜೋಡಿಸುವುದು, ಹೊಲಿಯುವುದು ಹೆಂಗಸಿನ ಕೈ, ಕತ್ತಿ ಗಂಡಸಿನದು. "ದೂರ ನಿಲ್ಲು ಮಾರಾಯ್ತಿ, ನಿನ್ನ ಬೆರಳು ನನಗೆ ಬೇಕು" ಎನ್ನುತ್ತಿದ್ದ ಅವಳ ಗಂಡ. ಅದು ಪ್ರೀತಿಯೋ ಅಧಿಕಾರವೋ ಅವಳಿಗೆ ಕೊನೆಯವರೆಗೂ ಬಿಡಿಸಿ ಹೇಳಲಾಗಲಿಲ್ಲ. ಎರಡೂ ಒಂದೇ ದಾರದ ಎರಡು ಎಳೆ. ಅವನು ಹೋದ ಮೇಲೆ ಅವಳು ರದ್ದಿ ಕಾಗದದ ಮೇಲೆ ಒಬ್ಬಳೇ ಕಲಿತಳು. ಮೊದಮೊದಲು ಓರೆಯಾಗುತ್ತಿತ್ತು. ಚಕ್ರದ ಭಾರ ತೋಳಿಗೆ ಬಂದು, ಕತ್ತಿ ಇಳಿದು, ಕಾಗದದ ಕಟ್ಟು ಒಂದೇ ಉಸಿರಿನಲ್ಲಿ ಎರಡಾಗುವ ಆ ಸದ್ದಿಗೆ ಅವಳ ಹೊಟ್ಟೆಯಲ್ಲಿ ಚಿಕ್ಕ ಹುಡುಗಿಯ ಖುಷಿ ಏಳುತ್ತಿತ್ತು. ಈಗ ಅವಳ ಕತ್ತರಿಕೆ ನೂಲು ಹಿಡಿದ ಹಾಗೆ ನೇರ. ಡಾಕ್ಟರಮ್ಮನ ಪುಸ್ತಕವನ್ನು ರಟ್ಟಿನಿಂದ ಬಿಡಿಸಿ ಹೊಲಿದು ಇಟ್ಟಿದ್ದಳಲ್ಲ, ಇನ್ನು ರಟ್ಟಿಗೆ ಕೂರಿಸುವುದಷ್ಟೇ ಬಾಕಿ, ಕತ್ತರಿಸುವುದಿದ್ದರೆ ಈಗಲೇ. ಅವರಿಗೆ ನಾನು ಏನು ಕೊಟ್ಟಿದ್ದೇನೆ ಎಂದು ಅವಳಿಗೆ ಅನಿಸಿತು. ಅವರು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಆ ಪರದೇಶದ ಬೈಂಡರು ಬಿಟ್ಟ ಕೆಲಸ ನಾನಾದರೂ ಮುಗಿಸಿ ಕೊಡೋಣ. ಕಣ್ಣು ಕಾಣದವರ ಬೆರಳಿಗೆ ನುಣುಪಾಗಿರಲಿ. ಕತ್ತಿ ಇಳಿಯಿತು. ಗರಿಗರಿ ಎಳೆಗಳು ಕ್ಷೌರದ ಕೂದಲಿನ ಹಾಗೆ ಕೆಳಗೆ ಬಿದ್ದವು. ಅಂಚನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ತೊಳೆದಿಟ್ಟ ಕಲ್ಲಿನ ಹಾಗೆ ತಂಪಾಗಿತ್ತು.

ಬಸ್ಸು ನಿಂತಿತು, ಯಾರೋ ಇಳಿದರು, ಯಾರೋ ಹತ್ತಿದರು. ಪಕ್ಕದವನು ಇಳಿಯುವಾಗ, "ಮೊಟ್ಟೆ ಜೋಪಾನ" ಎಂದು ನಗುತ್ತ ಹೋದ. ಅವಳೂ ನಕ್ಕಳು. ನಕ್ಕ ಕೂಡಲೇ ಕಟ್ಟಿದ ಹಲ್ಲುಗಳ ನೆನಪಾಯಿತು. ಮೇಲೂ ಕೆಳಗೂ ಬಾಯಲ್ಲಿರುವುದು ಪೂರ್ತಿ ಡಾಕ್ಟರಮ್ಮ ಮಾಡಿಕೊಟ್ಟದ್ದು. ನೋವಾಗುತ್ತದೆಯೇ ಎಂದು ಎಷ್ಟು ಸಲ ತೆಗೆದು, ತೀಡಿ, ಮತ್ತೆ ಕೂರಿಸಿ ನೋಡಿದ್ದರು! "ನಿನ್ನ ಹಳೇ ಹಲ್ಲಿನಲ್ಲಿ ಒಂದು ಸ್ವಲ್ಪ ಮುಂದಿತ್ತು, ಅದನ್ನ ಹಾಗೇ ಮಾಡಿದೀನಿ, ಇಲ್ಲದಿದ್ರೆ ಕನ್ನಡಿಯಲ್ಲಿ ಯಾರೋ ಬಂದಿದಾರೆ ಅಂತ ನೀನು ಹೆದರ್ತೀಯ" ಎಂದಿದ್ದರು. ಈ ಹಲ್ಲು ಇಟ್ಟುಕೊಂಡೇ ಇನ್ನು ಸ್ವಲ್ಪ ಹೊತ್ತಿಗೆ ಅವರಿಗೆ ಸುಳ್ಳು ಹೇಳಬೇಕು.

ಸುಳ್ಳನ್ನು ಕೊಟ್ಟವನು ಮೈದುನ. ಅಂಗಡಿಯ ಮುಂಭಾಗದಲ್ಲಿ ಹಳೆಯ ಪುಸ್ತಕ ಮಾರುವವನು ಅವಳ ಗಂಡನ ತಮ್ಮ. ಹಿಂಭಾಗದಲ್ಲಿ ಅವಳ ಹೊಲಿಗೆ. ಇವತ್ತು ಬೆಳಿಗ್ಗೆ ಅವಳು ಪುಸ್ತಕಕ್ಕೆ ಅಂಗಿ ತೊಡಿಸುತ್ತಿದ್ದಾಗ ಟೀ ಲೋಟ ಹಿಡಿದು ಒಳಗೆ ಬಂದವನು ಲೋಟವನ್ನು ಅಲ್ಲೇ ಇಟ್ಟುಬಿಟ್ಟ.

"ಅತ್ತಿಗೆ, ಇದನ್ನ ಕತ್ತರಿಸಿದ್ದು ಯಾರು?"

"ಯಾರು ಅಂದ್ರೆ? ನಾನೇ. ಹೆಂಗಿದೆ?"

"ಹೆಂಗಿದೆ ಅಂತೀರಲ್ಲ! ಅದು ಬೇಕು ಅಂತಲೇ ಒರಟಾಗಿ ಬಿಟ್ಟಿರೋ ಅಂಚು. ಹಳೇ ಕಾಲದಲ್ಲಿ ಕೈಯಲ್ಲಿ ಮಾಡ್ತಿದ್ದ ಕಾಗದದ ಥರ ಕಾಣಲಿ ಅಂತ ಅಲ್ಲಿಯವರು ಮಾಡೋದೇ ಹಾಗೆ."

"ಬೇಕು ಅಂತ ಯಾರಾದ್ರೂ ಹಾಗೆ ಬಿಡ್ತಾರಾ?"

"ಹರಿದ ಪ್ಯಾಂಟನ್ನ ಬೇಕು ಅಂತ ಹಾಕ್ಕೊಂಡು ಓಡಾಡಲ್ವಾ ಹುಡುಗರು? ನೀವು ಅದನ್ನೂ ಹಿಡಿದು ಹೊಲಿದುಬಿಡ್ತೀರಿ."

ಅವಳಿಗೆ ನಗು ಬರಲಿಲ್ಲ. ಮೈದುನನಿಗೂ ಅದು ತಿಳಿಯಿತು. ಸ್ಟೂಲು ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದ. ಇದು ಮೊದಲ ಮುದ್ರಣ. ಹೀಗೆ ಕೂಡಿಡುವವರಿಗೆ ಪುಸ್ತಕ ಅಚ್ಚಾಗಿ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು. ಅಂಗಿಯ ಮೂಲೆ ಕತ್ತರಿಸಿದ್ದರೆ ಮುಖ ತಿರುಗಿಸುತ್ತಾರೆ, ಒಳಪುಟದಲ್ಲಿ ಯಾರೋ ಹೆಸರು ಬರೆದಿದ್ದರೆ ನಿಟ್ಟುಸಿರಿಡುತ್ತಾರೆ. ಅಂಚು ಹೋದದ್ದು ಹೋಯಿತು, ಅದನ್ನು ಮತ್ತೆ ಬೆಳೆಸಲಾಗುವುದಿಲ್ಲ. ಇಷ್ಟು ಹೇಳಿ ಅವನು ಎದ್ದುಹೋಗಿ, ತನ್ನ ಕಪಾಟಿನ ಸಂದಿಯಿಂದ ಇನ್ನೊಂದು ನೀಲಿ ಪುಸ್ತಕ ತಂದು ಅವಳ ಮುಂದೆ ಇಟ್ಟಿದ್ದ. ಅದೇ ಕಾದಂಬರಿ, ಅದೇ ಒರಟು ಅಂಚು. ಅಂಗಿ ಮಾತ್ರ ಇಲ್ಲ.

"ಇದು ಆಮೇಲಿನ ಮುದ್ರಣ. ಶೀರ್ಷಿಕೆ ಪುಟದ ಹಿಂದೆ ಎಷ್ಟನೇ ಮುದ್ರಣ ಅಂತ ತೋರಿಸೋ ಅಂಕಿಗಳ ಸಾಲಲ್ಲಿ ಒಂದು ಅನ್ನೋ ಅಂಕಿ ಇರಲ್ಲ, ಅಷ್ಟೇ ವ್ಯತ್ಯಾಸ. ಅವರ ಕಣ್ಣಿಗೆ ಅದು ಕಾಣುತ್ತಾ? ಅಂಗಿ ಇದಕ್ಕೆ ಹಾಕಿ, ಕೊಟ್ಟು ಬನ್ನಿ. ಬೆರಳಾಡಿಸಿದರೆ ಅಂಚು ಸಿಗುತ್ತೆ, ಅವರಿಗೂ ಸಮಾಧಾನ, ನಿಮಗೂ ಸಮಾಧಾನ."

"ಮೋಸ ಅಲ್ವೇನೋ ಇದು?"

"ಅತ್ತಿಗೆ, ಕಣ್ಣಿಲ್ಲದೇ ಇರೋರಿಗೆ ದುಃಖ ಕೊಡೋದು ಪುಣ್ಯದ ಕೆಲಸ ಏನಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದೇ ಕಷ್ಟ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಬೈದು ಕಳಿಸಬಹುದಿತ್ತು. ಡಾಕ್ಟರಮ್ಮ ಸಂಜೆ ಹೊತ್ತು ಕಪಾಟಿನ ಮುಂದೆ ನಿಂತು ಪುಸ್ತಕಗಳನ್ನು ಒಂದೊಂದಾಗಿ ಹೊರಗೆಳೆದು ಅಂಚಿನ ಮೇಲೆ ಹೆಬ್ಬೆರಳು ಆಡಿಸುವುದನ್ನು ಬೈಂಡಮ್ಮ ನೋಡಿದ್ದಳು. ಇದು ಯಾವುದು, ಅದು ಯಾವುದು ಎಂದು ಅವರಿಗೆ ಈಗ ಗುರುತು ಹತ್ತುತ್ತಿದ್ದದ್ದೇ ಹಾಗೆ ಎಂದು ಅವಳಿಗೆ ಹೊಳೆದದ್ದು ಇವತ್ತು. ಈ ನೀಲಿ ಪುಸ್ತಕಕ್ಕೆ ಬಂದಾಗ ಹೆಬ್ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅವರು ಮೊಟ್ಟಮೊದಲು ತರಿಸಿಕೊಂಡದ್ದು ಇದು. "ಇದು ಅಚ್ಚಾದ ದಿನ ಬರೆದವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಓದ್ತಾರೋ ಇಲ್ವೋ ಅನ್ನೋದೂ ಗೊತ್ತಿರಲಿಲ್ಲ. ಆದರೂ ಯಾರೋ ನಂಬಿ ಇಷ್ಟು ಚಂದವಾಗಿ ಮಾಡಿದ್ರಲ್ಲ, ಅದು ನನಗೆ ಇಷ್ಟ" ಎಂದು ಒಮ್ಮೆ ಹೇಳಿದ್ದರು. ಮೊದಲ ಮುದ್ರಣ ಎಂದರೇನು ಎಂದು ಬೈಂಡಮ್ಮನಿಗೆ ತಿಳಿದದ್ದು ಅವತ್ತು. ಹೊರಗೆ ಹೆಜ್ಜೆಯಿಡುವ ಮೊದಲು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇವಲ್ಲ, ಆ ಕ್ಷಣದ ಪುಸ್ತಕ.

ಅವಳು ತನ್ನ ನಿಲ್ದಾಣದಲ್ಲಿ ಇಳಿದು ನಡೆದಳು. ಬೀದಿಯ ಎರಡೂ ಬದಿಗೆ ಗೋಡೆಗಳು, ಗೋಡೆಗಳ ಮೇಲೆ ಬೆಕ್ಕುಗಳು, ಒಂದು ಮನೆಯ ಕಿಟಕಿಯಲ್ಲಿ ರೇಡಿಯೊ. ಇದೇ ಬೀದಿಯಲ್ಲಿ ಅವಳು ಎಷ್ಟೋ ಗುರುವಾರ ನಡೆದಿದ್ದಾಳೆ. ಗುರುವಾರ ಮನೆಯಲ್ಲೇ ಇದ್ದ ಡಾಕ್ಟರಮ್ಮನ ಕ್ಲಿನಿಕ್ಕಿಗೆ ರಜೆ ಇರುತ್ತಿತ್ತು. ಟಪಾಲಿನಲ್ಲಿ ಬಂದ ಹೊಸ ಪುಸ್ತಕಗಳ ಅಂಗಿಗೆ ಬೈಂಡಮ್ಮ ತೆಳ್ಳನೆಯ ಪಾರದರ್ಶಕ ಹಾಳೆಯ ಹೊದಿಕೆ ಮಾಡಿ ಹಾಕಬೇಕು. ಅಂಟು ತಾಗಿಸುವಂತಿಲ್ಲ, ಮಡಿಕೆಯಿಂದಲೇ ನಿಲ್ಲಬೇಕು. ಅದು ಒಂದು ಗಳಿಗೆಯ ಕೆಲಸ. ಆದರೆ ಅವಳು ಸಂಜೆಯವರೆಗೂ ಇರುತ್ತಿದ್ದಳು. ಯಾಕೆಂದರೆ ಡಾಕ್ಟರಮ್ಮ ಅವಳನ್ನು ರೋಗಿಗಳ ಕುರ್ಚಿಯಲ್ಲಿ ಕೂರಿಸಿ, ಕಾಲಿನಿಂದ ಒತ್ತಿ ಅದನ್ನು ಹಿಂದಕ್ಕೆ ಬಾಗಿಸಿ, "ಈ ಮನೆಯಲ್ಲಿ ಇದಕ್ಕಿಂತ ಸುಖವಾದ ಕುರ್ಚಿ ಇಲ್ಲ, ಹೆದರಿಕೆಯಿಂದ ಯಾರಿಗೂ ಅದು ಗೊತ್ತಾಗಲ್ಲ" ಎಂದು ಹೇಳಿ, ತಾವು ಪಕ್ಕದ ಗಾಲಿಯ ಸ್ಟೂಲಿನ ಮೇಲೆ ಕೂತು, ಇಂಗ್ಲಿಷಿನ ಪುಟ ನೋಡುತ್ತ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಮೂರನೇ ತರಗತಿ ಬಿಟ್ಟು ಬಂದವಳಿಗೆ ಒಂದು ಇಡೀ ದೇಶವನ್ನು ಆ ಕುರ್ಚಿಯಲ್ಲಿ ಮಲಗಿಸಿ ಬಾಯಿಗೆ ಹನಿಹನಿಯಾಗಿ ಹಾಕಿದ್ದರು. ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕು ನಡೆಸುವ ಒಂಟಿ ಹೆಂಗಸು, ಯಾವ ಕಾರು ನಿಂತರೂ ಓಡಿಹೋದ ಮಗಳು ಇಳಿಯುತ್ತಾಳೆಂದು ಕಾಯುವವಳು. ಸತ್ತ ಅಪ್ಪನ ದೋಣಿಯನ್ನು ಪ್ರತಿ ಭಾನುವಾರ ರಿಪೇರಿ ಮಾಡುವ, ಒಮ್ಮೆಯೂ ನೀರಿಗಿಳಿಸದ ಮಗ. ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರು, ಒಂದೇ ಬಟ್ಟೆ ಒಗೆಯುವ ಯಂತ್ರ ಹಂಚಿಕೊಂಡವರು. ಇವರೆಲ್ಲ ಬೈಂಡಮ್ಮನಿಗೆ ನೆಂಟರು. ತರಕಾರಿ ಹೆಚ್ಚುವಾಗ ಆ ಅಕ್ಕತಂಗಿಯರು ಈಗ ಮಾತಾಡುತ್ತಿರಬಹುದೇ ಎಂದು ಯೋಚಿಸುತ್ತಾಳೆ. ಗಂಡ ಬದುಕಿದ್ದಾಗ, "ಏನೇ, ನಿನ್ನ ಪೆಟ್ರೋಲಮ್ಮ ಹೆಂಗಿದಾಳೆ?" ಎಂದು ಅವನೂ ವಿಚಾರಿಸುತ್ತಿದ್ದ.

ಅವನು ತೀರಿಕೊಂಡ ವಾರ ಡಾಕ್ಟರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ ಅಂಗಡಿಗೆ ಬಂದಿದ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಹಾಳೆಗಳ ರಾಶಿಯ ಪಕ್ಕ ನೆಲದ ಮೇಲೆ ಕೂತು, ಅವಳು ಮಡಿಸುತ್ತಿದ್ದ ಹಾಗೇ ತಾವೂ ಮಡಿಸತೊಡಗಿದರು. ಒಂದೂ ಸರಿಯಿರಲಿಲ್ಲ, ಎಲ್ಲ ಸೊಟ್ಟ. ಹಲ್ಲಿನ ಮೇಲೆ ಕೂದಲೆಳೆ ತಪ್ಪದ ಕೈ ಕಾಗದದ ಮೇಲೆ ಮಗುವಿನ ಕೈಯಾಗಿತ್ತು. ಅವರು ಹೋದ ಮೇಲೆ ಬೈಂಡಮ್ಮ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸಿದಳು. ಮಡಿಸುತ್ತ ಮಡಿಸುತ್ತ ಆ ವಾರದಲ್ಲಿ ಮೊದಲ ಸಲ ಅತ್ತಳು. ಅಳು ನಿಂತಾಗ ಹೊಟ್ಟೆ ಹಸಿಯುತ್ತಿತ್ತು. ಇದನ್ನೆಲ್ಲ ಯಾವ ತಕ್ಕಡಿಯಲ್ಲಿ ಇಟ್ಟು ತೂಗುವುದು? ತೀರಿಸುವುದಕ್ಕೆಂದು ಹೊರಟು ತಾನು ಮಾಡಿದ್ದು ಇದು. ಕೃತಜ್ಞತೆಗೂ ಒಂದು ಕತ್ತಿ ಇರುತ್ತದೆಯೇ?

ಗೇಟು ತೆಗೆದ ಸದ್ದಿಗೇ ಒಳಗಿನಿಂದ ದನಿ ಬಂತು. "ಬೈಂಡಮ್ಮನಾ? ಚಪ್ಪಲಿ ಎಳೆಯೋದು ಕೇಳಿ ಗೊತ್ತಾಯ್ತು. ಕೈ ತೊಳ್ಕೊಂಡು ಬಾ."

ಕೈ ತೊಳೆಯುವುದು ಈ ಮನೆಯಲ್ಲಿ ಪುಸ್ತಕ ಮುಟ್ಟುವ ಮೊದಲಿನ ಕಟ್ಟಳೆ. ರೋಗಿಗಳ ಬಾಯಿ ಮುಟ್ಟುವ ಮೊದಲೂ ಅದೇ ಬೇಸಿನ್ನು, ಅದೇ ಸೋಪು. ಬೈಂಡಮ್ಮ ಕೈ ತೊಳೆದಳು, ಒರೆಸಿದಳು, ಸಾಲದೆನಿಸಿ ಇನ್ನೊಮ್ಮೆ ತೊಳೆದಳು. ಡಾಕ್ಟರಮ್ಮ ಒಳಕೋಣೆಯಲ್ಲಿ ಕಪಾಟಿಗೆ ಬೆನ್ನು ಮಾಡಿ ಕೂತಿದ್ದರು. ಬಿಸಿಲು ಬೀಳದ ಹಾಗೆ ಪರದೆ ಎಳೆದಿತ್ತು. ಅವರು ಮುಖವನ್ನು ಬಾಗಿಲ ಕಡೆಯಿಂದ ಸ್ವಲ್ಪ ಆಚೆ ತಿರುಗಿಸಿ ಅವಳನ್ನು ನೋಡಿದರು. ಆ ನೋಟ ಕಿವಿಯ ಮೇಲೆ ಬಿದ್ದದ್ದು ಬೈಂಡಮ್ಮನಿಗೆ ಗೊತ್ತಾಯಿತು. ಮುಖ ಕಾಣುವುದಿಲ್ಲವಲ್ಲ ಎಂದು ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆ ಆ ಸಮಾಧಾನಕ್ಕೇ ನಾಚಿಕೆಯಾಯಿತು.

"ಕೊಡು ಕೊಡು. ಇವತ್ತು ಬೆಳಿಗ್ಗೆಯಿಂದ ಇದೇ ಧ್ಯಾನ. ಆಸ್ಪತ್ರೆಯಿಂದ ಮಗು ಬರೋ ಹಾಗಾಗಿದೆ ನನಗೆ."

ಬೈಂಡಮ್ಮ ಅಂಗಿ ತೊಟ್ಟ ಪುಸ್ತಕವನ್ನು ತೆಗೆದು ಆ ಚಾಚಿದ ಕೈಗಳಲ್ಲಿಟ್ಟಳು. ಡಾಕ್ಟರಮ್ಮ ಪಾರದರ್ಶಕ ಹಾಳೆಯ ಮೇಲೆ ಅಂಗೈ ಸವರಿದರು, ಬೆನ್ನಿನ ಮೇಲೆ ಸವರಿದರು. ಹೆಬ್ಬೆರಳು ಅಂಚಿಗೆ ಬಂತು. ಒರಟು ಅಂಚಿನ ಮೇಲೆ ಮೇಲಿಂದ ಕೆಳಗೆ ಹೋಯಿತು, ಕೆಳಗಿಂದ ಮೇಲೆ ಬಂತು. "ಹಾಂ" ಎಂದರು. ಆ ಒಂದು ಹಾಂ ಎನ್ನುವುದರಲ್ಲಿ ಎಷ್ಟು ತೃಪ್ತಿ ಇತ್ತೆಂದರೆ, ಮೈದುನ ಹೇಳಿದ್ದೇ ಸರಿ ಎಂದು ಬೈಂಡಮ್ಮನಿಗೆ ಅನಿಸಿತು. ಮುಗಿಯಿತು. ಇನ್ನು ನೀರು ಕುಡಿದು ಎದ್ದು ಹೊರಟರಾಯಿತು. ಚೀಲದ ತಳದಲ್ಲಿದ್ದುದನ್ನು ಯಾವತ್ತಾದರೂ ಒಂದು ದಿನ ಮರೆತರಾಯಿತು.

ಡಾಕ್ಟರಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟು ನಡುವಿಗೆ ತೆರೆದರು. ಅವರ ತೋರುಬೆರಳು ಎರಡು ಪುಟಗಳ ನಡುವಿನ ಕಣಿವೆಯಲ್ಲಿ ಇಳಿದು ಏನನ್ನೋ ಹುಡುಕಿತು. ಸ್ವಲ್ಪ ಪುಟ ಹಿಂದಕ್ಕೆ ಹೋಯಿತು, ಸ್ವಲ್ಪ ಮುಂದಕ್ಕೆ ಬಂತು. ಮತ್ತೆ ಇಳಿಯಿತು.

"ಎಲ್ಲಿದೆ ನಿನ್ನ ಹೊಲಿಗೆ?"

ಬೈಂಡಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀನು ಹೊಲಿದರೆ ಗಂಟು ಬೆರಳಿಗೆ ಸಿಗುತ್ತೆ. ಸಣ್ಣ ಎಳ್ಳಿನ ಥರ. ಯಾವಾಗಲೂ ಸಿಗ್ತಿತ್ತು." ಅವರು ಬೆರಳನ್ನು ತುಟಿಗೆ ಒತ್ತಿಕೊಂಡು ಮತ್ತೆ ಪುಟಗಳ ನಡುವೆ ಇಳಿಸಿದರು. ಅವಸರ ಶುರುವಾಗಿತ್ತು ಆ ಬೆರಳಿಗೆ, ಕತ್ತಲಲ್ಲಿ ಗೋಡೆ ತಡವುವವರ ಅವಸರ. ಆಮೇಲೆ ಅವರು ತಡವುವುದನ್ನು ನಿಲ್ಲಿಸಿ ಕೈಯನ್ನು ಕಣ್ಣಿನ ಅಂಚಿಗೆ ಹಿಡಿದು ಬೆರಳ ತುದಿಗಳನ್ನು ನೋಡಲು ಯತ್ನಿಸಿದರು. "ಸಿಗ್ತಾ ಇಲ್ಲ ಕಣೆ" ಎಂದರು. ದನಿ ತೀರ ಸಣ್ಣದಾಗಿತ್ತು. "ಕಣ್ಣು ಹೋಯ್ತು, ಹೋಗಲಿ ಅಂದುಕೊಂಡಿದ್ದೆ. ಬೆರಳೂ ಹೋಗ್ತಿದೆಯೇನೋ. ವಯಸ್ಸಾದ ಮೇಲೆ ತುದಿ ಮರಗಟ್ಟುತ್ತೆ ಅಂತಾರೆ. ಇನ್ನೇನು ಉಳಿಯಿತು ನನಗೆ?"

ಅವರು ಅಳಲಿಲ್ಲ. ಅತ್ತಿದ್ದರೆ ಬೈಂಡಮ್ಮ ಸಮಾಧಾನ ಮಾಡುವ ನೆಪದಲ್ಲಿ ಸುಮ್ಮನಿರಬಹುದಿತ್ತು. ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಪರೀಕ್ಷೆ ಮಾಡುತ್ತಿದ್ದರು, ತಮ್ಮದೇ ರೋಗಿಗೆ ಕೆಟ್ಟ ಸುದ್ದಿ ಹೇಳುವ ಮೊದಲು ಇನ್ನೊಮ್ಮೆ ನೋಡೋಣ ಎನ್ನುವ ಹಾಗೆ. ಅಂಚು ಕತ್ತರಿಸಿದ್ದು ಪುಸ್ತಕದ್ದು. ಈಗ ತಾನು ಬಾಯಿ ಮುಚ್ಚಿ ಕೂತರೆ ಕತ್ತರಿಸುವುದು ಆ ಹತ್ತು ಬೆರಳನ್ನು.

"ನಿಮ್ಮ ಬೆರಳಿಗೆ ಏನೂ ಆಗಿಲ್ಲ" ಎಂದಳು ಬೈಂಡಮ್ಮ. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಅದು ನಿಮ್ಮ ಪುಸ್ತಕ ಅಲ್ಲ. ಅಂಗಿ ನಿಮ್ಮದು, ಮೈ ಬೇರೆಯದು."

ಡಾಕ್ಟರಮ್ಮನ ಕೈ ನಿಂತಿತು. ಬೈಂಡಮ್ಮ ಚೀಲದ ತಳದಿಂದ ಪತ್ರಿಕೆಯ ಗಂಟು ತೆಗೆದು ಬಿಚ್ಚಿದಳು. ಅವಳು ಎಲ್ಲವನ್ನೂ ಹೇಳಿದಳು, ಕ್ರಮ ತಪ್ಪಿ, ಹಿಂದುಮುಂದಾಗಿ. ಪರದೇಶದ ಬೈಂಡರು ಮರೆತಿದ್ದಾನೆ ಎಂದುಕೊಂಡದ್ದು, ಏನೂ ಮಾಡಬೇಡ ಎಂದದ್ದನ್ನು ದಾಕ್ಷಿಣ್ಯ ಎಂದುಕೊಂಡದ್ದು, ಮೈದುನನ ಪುಸ್ತಕ, ಬೆಳಿಗ್ಗೆ ಅಂಗಿ ಬದಲಿಸಿದ್ದು. ಹೇಳುತ್ತ ಹೇಳುತ್ತ ಪುಸ್ತಕವನ್ನು ಅವರ ಮಡಿಲಲ್ಲಿಟ್ಟಳು. ಹೆಬ್ಬೆರಳು ಅಂಚಿಗೆ ಹೋಯಿತು. ನುಣುಪಿನ ಮೇಲೆ ಜಾರಿ ಕೆಳಗೆ ಬಂದುಬಿಟ್ಟಿತು, ಹಿಡಿಯಲು ಏನೂ ಸಿಗದೆ.

ಹೊರಗೆ ಯಾರದೋ ಸೈಕಲ್ ಗಂಟೆ ಕೇಳಿಸಿತು.

"ಒಂದು ಮಾತು ಹೇಳಿದ್ದೆ ನಿನಗೆ. ಹೊಲಿಗೆ ಮಾತ್ರ ಅಂತ."

"ಹೌದು."

"ನಾನು ಯಾವತ್ತಾದ್ರೂ ನಿನ್ನ ಹತ್ರ ದಾಕ್ಷಿಣ್ಯದ ಮಾತಾಡಿದ್ದು ಉಂಟಾ? ಬಾಯಿ ತೆರಿ ಅಂದ್ರೆ ತೆರಿ, ಮುಚ್ಚು ಅಂದ್ರೆ ಮುಚ್ಚು. ಅಷ್ಟೇ ಅಲ್ವಾ ನಾನು?"

"ಹೌದು."

"ಏನು ಹೌದು! ಇದಕ್ಕೆ ಇನ್ನು ಆ ಅಂಚು ಬರಲ್ಲ. ಗೊತ್ತಾ? ಯಾವ ಡಾಕ್ಟರ ಹತ್ರ ಹೋದರೂ ಬರಲ್ಲ." ಅವರು ಮೈದುನನ ಪುಸ್ತಕವನ್ನು ಮಡಿಲಿನಿಂದ ಆಚೆ ಸರಿಸಿದರು. "ಅದರ ಮೇಲೆ ಬೇರೆ ಯಾರದೋ ಪುಸ್ತಕ ತಂದು ನನ್ನ ಕೈಯಲ್ಲಿಡ್ತೀಯ. ಕುರುಡಿಗೆ ಏನು ಗೊತ್ತಾಗುತ್ತೆ ಅಂತ."

ಆ ಕೊನೆಯ ಮಾತು ಬೈಂಡಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವಳು ತಪ್ಪಾಯಿತು ಎನ್ನಲಿಲ್ಲ. ಆ ಮಾತು ಬಾಯಿಗೆ ಬರುವಷ್ಟರಲ್ಲಿ ತೀರ ಚಿಕ್ಕದಾಗಿ ಕಂಡಿತು. ನಿಂತೇ ಇದ್ದಳು. ಹೋಗು ಎಂದರೆ ಹೋಗಬೇಕು, ಗುರುವಾರಗಳು ಇನ್ನಿರುವುದಿಲ್ಲ ಎಂದುಕೊಂಡಳು. ಪೆಟ್ರೋಲ್ ಬಂಕಿನ ಹೆಂಗಸು, ದೋಣಿಯ ಮಗ, ಅಕ್ಕತಂಗಿಯರು ಎಲ್ಲ ಆ ಗಾಜಿನ ಕಪಾಟಿನ ಹಿಂದೆ ಉಳಿದುಬಿಡುತ್ತಾರೆ. ಉಳಿಯಲಿ. ಇದ್ದಷ್ಟು ದಿನ ಇದ್ದರಲ್ಲ. ಯಾರಿಗೆ ಸಿಗುತ್ತದೆ ಅಷ್ಟು? ಈ ವಿಚಾರ ಬಂದದ್ದೇ ಅವಳ ಎದೆಯಲ್ಲಿ ಒಂದು ವಿಚಿತ್ರವಾದ ನಿರಾಳ ಹರಡಿತು. ಕಳೆದುಕೊಳ್ಳುವ ಹೊತ್ತಿನಲ್ಲೂ ಅದು ತನ್ನದಾಗಿತ್ತು ಎನ್ನುವುದು ಕಳೆಯುವುದಿಲ್ಲ.

ಡಾಕ್ಟರಮ್ಮ ತಮ್ಮ ಪುಸ್ತಕವನ್ನು ನಡುವಿಗೆ ತೆರೆದರು. ಅದು ತಾನಾಗಿಯೇ ತೆರೆದುಕೊಂಡಿತು. ಬೆರಳು ಕಣಿವೆಯಲ್ಲಿ ಇಳಿದು, ಒಂದು ಕಡೆ ನಿಂತಿತು.

"ಇಲ್ಲಿದೆ" ಎಂದರು.

ಗಂಟಿನ ಮೇಲೆ ಬೆರಳನ್ನು ಹಾಗೇ ಇಟ್ಟುಕೊಂಡು ಕೂತರು. ಮುಖದ ಬಿಗಿ ಮೆಲ್ಲಗೆ ಸಡಿಲವಾಯಿತು, ಪೂರ್ತಿ ಅಲ್ಲ. "ಬೆರಳು ಸರಿಯಾಗೇ ಇದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕೇಳಿದರು: "ಯಂತ್ರದ ಚಕ್ರ ನೀನೇ ತಿರುಗಿಸಿದ್ದಾ?"

"ಹೂಂ."

"ನಿನ್ನ ಗಂಡ ಮುಟ್ಟೋಕೆ ಬಿಡ್ತಿರಲಿಲ್ಲ ಅಂತಿದ್ದೆ."

"ಅವರು ಹೋದ ಮೇಲೆ ಕಲಿತೆ."

"ನೇರವಾಗಿದೆ. ಹಾಳಾಗಿದೆ, ಆದರೆ ನೇರವಾಗಿ ಹಾಳಾಗಿದೆ." ಅವರ ಮೂಗಿನಿಂದ ಒಂದು ಸದ್ದು ಬಂತು. ಅದನ್ನು ನಗು ಎಂದುಕೊಳ್ಳಲು ಬೈಂಡಮ್ಮನಿಗೆ ಧೈರ್ಯ ಬರಲಿಲ್ಲ. "ಕ್ಷೌರ ಮಾಡಿಬಿಟ್ಟೆಯಲ್ಲೇ ನನ್ನ ಮಗುವಿಗೆ. ಕಪಾಟಿಗೆ ಇಡಬೇಡ ಇದನ್ನ. ಅದರ ಜಾಗ ಖಾಲಿ ಇರಲಿ, ನನಗೆ ಸ್ವಲ್ಪ ದಿನ ಸಿಟ್ಟು ಮಾಡಿಕೊಳ್ಳೋಕೆ ಬೇಕು. ಮಂಚದ ಪಕ್ಕ ಇಡು. ಅಂಗಿ ಇದರದ್ದು ಇದಕ್ಕೇ ಹಾಕು. ನಿನ್ನ ಮೈದುನನಿಗೆ ಹೇಳು, ಅವನ ಪುಸ್ತಕ ಚೆನ್ನಾಗಿದೆ, ಆದರೆ ನಂದಲ್ಲ ಅಂತ."

ಬೈಂಡಮ್ಮ ಮೈದುನನ ಪುಸ್ತಕದಿಂದ ಅಂಗಿ ಕಳಚಿದಳು. ಅದನ್ನು ತೊಡಿಸಲೆಂದು ಕತ್ತರಿಸಿದ ಪುಸ್ತಕಕ್ಕೆ ಕೈ ಚಾಚಿದಾಗ ಡಾಕ್ಟರಮ್ಮ ಕೊಡಲಿಲ್ಲ. ಅವರ ಹೆಬ್ಬೆರಳು ನುಣುಪು ಅಂಚಿನ ಮೇಲೆ ಒತ್ತಿ, ಪುಟಗಳನ್ನು ಬಾಗಿಸಿ, ಬಿಟ್ಟಿತು. ಹಾಳೆಗಳು ಒಂದರ ಹಿಂದೆ ಒಂದು, ಎಲ್ಲೂ ತಡೆಯದೆ, ಗುಬ್ಬಿ ರೆಕ್ಕೆ ಬಡಿದ ಸದ್ದಿನಲ್ಲಿ ಓಡಿದವು. ಅವರ ಹಣೆಯ ಮೇಲಿನ ಬಿಳಿ ಕೂದಲು ಅಲುಗಿತು. ಅವರು ಬೆರಗಾಗಿ ಮುಖ ಎತ್ತಿದರು.

"ಗಾಳಿ ಬರುತ್ತಲ್ಲೇ!"

ಒರಟು ಅಂಚು ಇದ್ದಾಗ ಹಾಳೆಗಳು ಗುಂಪುಗುಂಪಾಗಿ ಸಿಕ್ಕಿಕೊಳ್ಳುತ್ತಿದ್ದವು, ಹೀಗೆ ಓಡುತ್ತಿರಲಿಲ್ಲ. ಅವರು ಮತ್ತೆ ಬಾಗಿಸಿ ಬಿಟ್ಟರು. ಮತ್ತೆ ಗಾಳಿ. ಮೂರನೆಯ ಸಲ ಅವರು ಪುಸ್ತಕವನ್ನು ಮುಂದಕ್ಕೆ ಚಾಚಿ, "ಬಾ ಇಲ್ಲಿ, ಬಗ್ಗು" ಎಂದರು. ಬೈಂಡಮ್ಮ ಬಗ್ಗಿದಳು. ಕೆನ್ನೆಗೆ ತಗುಲಿದ ಗಾಳಿಯಲ್ಲಿ ಹಳೆಯ ಕಾಗದದ ವಾಸನೆ ಇತ್ತು, ತನ್ನ ಅಂಟಿನ ವಾಸನೆ ಇತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಸಲ ಬಿಡಿ" ಎಂದಳು.